ಗಾರ್ ಮೀನು ಸಾಕೋ ಮುಂಚೆ: ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಎಲ್ಲ ಕಡೆ ಈಗ ದೊಡ್ಡ ಮೀನು ಸಾಕುವ ಆಸೆ ಇರುವವರು ಜಾಸ್ತಿ ಆಗಿದ್ದಾರೆ. ಬೆಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಗಾರ್ ಮರಿ ನೋಡುತ್ತಾರೆ, ಮನಸ್ಸು ಸೋಲುತ್ತದೆ. ಆಮೇಲೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ತಿನ್ನಿಸಬೇಕು? ನಿಜ ಹೇಳಬೇಕೆಂದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಾರ್ ವಿಷಯದಲ್ಲಿ ಮೊದಲು ಜಾಗ, ಆಮೇಲೆ ಗಾಳಿ ಮತ್ತು ಮುಚ್ಚಳ, ಆಮೇಲೆ ನೀರು, ಅದಾದ ಮೇಲೆ ಊಟ. ಈ ಕ್ರಮ ತಪ್ಪಿದರೆ ಎಷ್ಟು ಚೆನ್ನಾಗಿ ತಿನ್ನಿಸಿದರೂ ಪ್ರಯೋಜನವಿಲ್ಲ. ಕೆಳಗಿನ ಉತ್ತರಗಳನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಗಾರ್ ಅಂದರೆ ಯಾವ ಮೀನು? ಮೊಸಳೆ ಮೀನು ಅಂತಾರಲ್ಲ, ಅದೇನಾ?

ಹೌದು, ಆದರೆ ಪೂರ್ತಿ ಅಲ್ಲ. ಈಗ ಬದುಕಿರುವ ಗಾರ್ ಜಾತಿಗಳು ಏಳು. ಅಲಿಗೇಟರ್ ಗಾರ್, ಕ್ಯೂಬನ್ ಗಾರ್, ಟ್ರಾಪಿಕಲ್ ಗಾರ್, ಸ್ಪಾಟೆಡ್ ಗಾರ್, ಫ್ಲೋರಿಡಾ ಗಾರ್, ಲಾಂಗ್‌ನೋಸ್ ಗಾರ್, ಶಾರ್ಟ್‌ನೋಸ್ ಗಾರ್. ಇವುಗಳ ತವರು ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕ್ಯೂಬಾ. ನಮ್ಮ ಕಡೆ 'ಮೊಸಳೆ ಮೀನು' ಅಂತ ಕರೆಯುವುದು ಹೆಚ್ಚಾಗಿ ಅಲಿಗೇಟರ್ ಗಾರ್‌ನ್ನು. ನಮ್ಮ ದೇಶದ ನದಿಗಳಲ್ಲೇ ಉದ್ದ ಮೂತಿಯ ಸೂಜಿಮೀನು ಒಂದಿದೆ, ಅದನ್ನೂ ಕೆಲವರು ಗಾರ್ ಅಂತ ಮಾರುತ್ತಾರೆ. ಅದು ಬೇರೆಯೇ ಕುಟುಂಬ.

ಗಾರ್‌ಗಳು ಡೈನೋಸಾರ್ ಕಾಲದಿಂದ ಇರುವ ಮೀನು. ಮೈಮೇಲಿನ ಹುರುಪೆ ನಮ್ಮ ಕಾಟ್ಲಾ, ರೋಹು ಹುರುಪೆಯ ಥರ ತೆಳು ಇಲ್ಲ. ಗಟ್ಟಿ, ಹೊಳೆಯುವ, ಒಂದಕ್ಕೊಂದು ಸೇರಿಕೊಂಡ ಬಿಲ್ಲೆಗಳು. ಈ ಬಿಲ್ಲೆಗಳಿಂದಲೇ ಮೈ ಬಿಗಿ, ಬಾಗುವುದು ಕಡಿಮೆ. ಈ ಒಂದು ಮಾತು ನೆನಪಿಡಿ, ಮುಂದೆ ತೊಟ್ಟಿಯ ಲೆಕ್ಕಕ್ಕೆ ಬೇಕಾಗುತ್ತದೆ.

ಅಂಗಡಿಯಲ್ಲಿ 4 ಇಂಚಿನ ಮರಿ ಇದೆ. ಯಾವ ಜಾತಿ ಅಂತ ಹೇಗೆ ಗೊತ್ತಾಗುತ್ತೆ?

ಮೇಲಿಂದ ಬೆನ್ನು ನೋಡಿ. ಅಲಿಗೇಟರ್ ಗಾರ್ ಮರಿಗೆ ಮೂತಿಯಿಂದ ಹಿಂದಿನ ಬೆನ್ನುರೆಕ್ಕೆಯ ತನಕ ನಡುಬೆನ್ನಿನ ಮೇಲೆ ತಿಳಿ ಬಣ್ಣದ ಗೆರೆ ಇರುತ್ತದೆ. ಮೂತಿ ಅಗಲ, ಗಿಡ್ಡ. ಲಾಂಗ್‌ನೋಸ್ ಮೂತಿ ಕಡ್ಡಿಯ ಹಾಗೆ ಸಣ್ಣ, ಉದ್ದ. ಸ್ಪಾಟೆಡ್ ಮತ್ತು ಫ್ಲೋರಿಡಾಗೆ ತಲೆಯ ಮೇಲೂ ಚುಕ್ಕೆ ಇರುತ್ತದೆ. ಇವೆರಡನ್ನು ಮರಿಯಲ್ಲಿ ಬೇರೆ ಮಾಡುವುದು ಕಷ್ಟ, ಸಾಕುವ ರೀತಿ ಹೆಚ್ಚು ಕಡಿಮೆ ಒಂದೇ, ಹಾಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಬೆನ್ನಿನ ಗೆರೆ ಕಂಡರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಯಾಕೆ ಅಷ್ಟು ಖಡಾಖಂಡಿತ? ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ ಅಂತ ಅಂಗಡಿಯವರು ಹೇಳಿದರು.

ಆ ಮಾತು ಸುಳ್ಳು. ತೊಟ್ಟಿ ಚಿಕ್ಕದಾದರೆ ಮೀನಿನ ಬೆಳವಣಿಗೆ ಕುಂಟುತ್ತದೆ, ಬೆನ್ನುಮೂಳೆ ಸೊಟ್ಟ ಆಗುತ್ತದೆ, ಮೂತಿ ಗಾಜಿಗೆ ತಾಗಿ ತಾಗಿ ಸವೆಯುತ್ತದೆ. ಅದನ್ನು 'ತೊಟ್ಟಿಗೆ ಹೊಂದಿಕೊಂಡಿದೆ' ಅಂತ ಮಾರುವವರು ಹೇಳುತ್ತಾರೆ. ಅದು ಹೊಂದಿಕೊಳ್ಳುವುದಲ್ಲ, ನರಳುವುದು.

ಅಮೆರಿಕದ ಮಿಸಿಸಿಪ್ಪಿಯಲ್ಲಿ 2011ರಲ್ಲಿ ಸಿಕ್ಕ ಒಂದು ಅಲಿಗೇಟರ್ ಗಾರ್ 8 ಅಡಿ 5 ಇಂಚು ಉದ್ದ, ಸುಮಾರು 148 ಕಿಲೋ ತೂಕ ಇತ್ತು. ಎಲ್ಲವೂ ಅಷ್ಟು ಬೆಳೆಯುವುದಿಲ್ಲ, ಸರಿ. ಆದರೆ ಚೆನ್ನಾಗಿ ತಿನ್ನಿಸಿದರೆ ಮೊದಲ ವರ್ಷದಲ್ಲೇ ಒಂದು ಅಡಿ ದಾಟುತ್ತದೆ, ಆಮೇಲೂ ನಿಲ್ಲುವುದಿಲ್ಲ. ಅರ್ಧ ಶತಮಾನಕ್ಕೂ ಜಾಸ್ತಿ ಬದುಕಬಲ್ಲದು. ನಿಮ್ಮ ಮಗ ಮದುವೆಯಾಗಿ ಅವನಿಗೆ ಮಕ್ಕಳಾದರೂ ಅದು ಇರುತ್ತದೆ. ಮನೆಯಲ್ಲಿ ಇದನ್ನು ಸಾಕುವುದು ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಸ್ಪಾಟೆಡ್ ಅಥವಾ ಫ್ಲೋರಿಡಾ ಗಾರ್ ಸಾಮಾನ್ಯವಾಗಿ ಎರಡು, ಎರಡೂವರೆ ಅಡಿಗೆ ಬರುತ್ತದೆ. ಆಸೆ ತಡೆಯೋಕೆ ಆಗಲ್ಲ ಅನ್ನುವವರು ಇವುಗಳ ಬಗ್ಗೆ ಮಾತ್ರ ಯೋಚಿಸಿ. ಇದರ ಕೆಳಗಿನ ಉತ್ತರಗಳೆಲ್ಲ ಇವೆರಡಕ್ಕೇ.

ಹಾಗಾದರೆ ತೊಟ್ಟಿ ಎಷ್ಟಿರಬೇಕು?

ಉದ್ದಕ್ಕಿಂತ ಅಗಲ ಮುಖ್ಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅಂಗಡಿಯ ತೊಟ್ಟಿಗಳು ಉದ್ದ ಇರುತ್ತವೆ, ಆದರೆ ಅಗಲ ಒಂದೂವರೆ ಅಡಿ. ಎರಡೂವರೆ ಅಡಿಯ ಬಿಗಿ ಮೈಯ ಮೀನು ಅಷ್ಟರಲ್ಲಿ ತಿರುಗುವುದು ಹೇಗೆ? ಮೂತಿ ಒಂದು ಗಾಜಿಗೆ, ಬಾಲ ಇನ್ನೊಂದು ಗಾಜಿಗೆ. ದಿನಕ್ಕೆ ನೂರಾರು ಸಲ ಹಾಗೆ ಮೈ ಮಡಚಿ ತಿರುಗಿದರೆ ಬೆನ್ನು ಕೆಡದೆ ಇರುತ್ತದಾ?

ಬೆಳೆದ ಮೀನಿನ ಉದ್ದಕ್ಕಿಂತ ತೊಟ್ಟಿಯ ಅಗಲ ಒಂದಿಷ್ಟು ಜಾಸ್ತಿ ಇರಲಿ, ತೊಟ್ಟಿಯ ಉದ್ದ ಮೀನಿನ ಉದ್ದದ ಮೂರು ಪಟ್ಟಾದರೂ ಇರಲಿ. ಅಂದರೆ ಸ್ಪಾಟೆಡ್, ಫ್ಲೋರಿಡಾಗೆ 8 ಅಡಿ ಉದ್ದ, 4 ಅಡಿ ಅಗಲ. ಆಳ 2 ಅಡಿ ಸಾಕು, ಗಾರ್ ಆಳದಲ್ಲಿ ಓಡಾಡುವ ಮೀನಲ್ಲ, ಮೇಲ್ಭಾಗದಲ್ಲಿ ಕಟ್ಟಿಗೆ ತುಂಡಿನ ಹಾಗೆ ಅಲುಗಾಡದೆ ನಿಲ್ಲುತ್ತದೆ. ಮರಿಯಿದ್ದಾಗ 4 ಅಡಿ ತೊಟ್ಟಿ ನಡೆಯುತ್ತದೆ, ಆದರೆ ಮರಿ ತರುವ ದಿನವೇ ದೊಡ್ಡ ತೊಟ್ಟಿಗೆ ಜಾಗ ಮತ್ತು ದುಡ್ಡು ಎರಡೂ ಕೈಯಲ್ಲಿರಬೇಕು. 'ಆಮೇಲೆ ನೋಡೋಣ' ಅಂದವರ ಮೀನುಗಳೇ ಕೊನೆಗೆ ಕೆರೆ ಸೇರುವುದು.

ಮನೆ ಮೊದಲ ಮಹಡಿಯಲ್ಲಿದೆ. ಅಲ್ಲಿ ಇಡಬಹುದಾ?

8, 4, 2 ಅಡಿಯ ತೊಟ್ಟಿಗೆ ಸುಮಾರು 1,800 ಲೀಟರ್ ನೀರು. ಬರೀ ನೀರೇ 1.8 ಟನ್, ಗಾಜು ಮತ್ತು ಸ್ಟ್ಯಾಂಡ್ ಬೇರೆ. ಎಂಜಿನಿಯರ್ ಹತ್ತಿರ ತೋರಿಸದೆ ಇಡಬೇಡಿ. ನೆಲ ಅಂತಸ್ತೇ ಒಳ್ಳೆಯದು.

ಅಷ್ಟು ದೊಡ್ಡ ಗಾಜಿನ ತೊಟ್ಟಿಗೆ ದುಡ್ಡಿಲ್ಲ. ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಲಾ?

ಖಂಡಿತ ಕಟ್ಟಿಸಿ, ನನಗೆ ಅದೇ ಇಷ್ಟ. ನಮ್ಮ ಕಡೆ ಹಸು ಕಟ್ಟುವವರ ಮನೆಯಲ್ಲಿ ತೊಟ್ಟಿ ಕಟ್ಟುವ ಮೇಸ್ತ್ರಿಗಳೇ ಇದನ್ನೂ ಕಟ್ಟುತ್ತಾರೆ, ಗಾಜಿಗಿಂತ ಖರ್ಚು ಕಡಿಮೆ. ಮೂರು ವಿಷಯ ನೋಡಿಕೊಳ್ಳಿ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರುತ್ತದೆ. ಹಾಗಾಗಿ ನೀರು ತುಂಬಿಸಿ ಕೆಲವು ದಿನ ಬಿಟ್ಟು ಖಾಲಿ ಮಾಡಿ, ಮತ್ತೆ ತುಂಬಿಸಿ, ಪಿಎಚ್ ನಿಲ್ಲುವ ತನಕ ಹೀಗೇ ಮಾಡಿ. ಒಳಗೋಡೆ ನುಣ್ಣಗಿರಲಿ, ಒರಟಾದರೆ ಮೂತಿ ತರಚುತ್ತದೆ. ತಳದಲ್ಲಿ ಇಳಿಜಾರು ಕೊಟ್ಟು ಒಂದು ಮೂಲೆಗೆ ನೀರು ಹೋಗುವ ಪೈಪ್ ಇಡಿಸಿ, ಅದಿಲ್ಲದೆ ಪ್ರತಿ ವಾರ ಬಕೆಟ್‌ನಲ್ಲಿ ನೀರು ಎತ್ತಿ ಹಾಕುತ್ತಾ ಸುಸ್ತಾಗುತ್ತೀರಿ. ಆ ನೀರು ತೆಂಗಿಗೋ ಹೂವಿನ ಗಿಡಕ್ಕೋ ಹೋಗಲಿ, ಗಿಡಗಳಿಗೆ ಬಹಳ ಒಳ್ಳೆಯದು. ಆ ಪೈಪಿನ ಬಾಯಿಗೆ ಜಾಲರಿ ಇರಲಿ.

ನಮ್ಮ ತೋಟದ ಕೃಷಿ ಹೊಂಡ ತುಂಬಿದೆ. ಅಲ್ಲೇ ಬಿಟ್ಟರೆ ಜಾಗದ ಚಿಂತೆ ಇಲ್ವಲ್ಲ?

ಬೇಡ. ಕೃಷಿ ಹೊಂಡ ಅಂದರೆ ಟೊಮೆಟೊಗೆ ಹೊಡೆಯುವ ಔಷಧಿ ಗಾಳಿಯಲ್ಲಿ ಬಂದು ಬೀಳುವ ಜಾಗ. ಬೇಸಿಗೆಯಲ್ಲಿ ನೀರು ತಳ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಜೋರು ಮಳೆಗೆ ಹೊಂಡ ತುಂಬಿ ಹರಿದರೆ ಮೀನು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಇದರ ಬಗ್ಗೆ ಕೆಳಗೆ ಮತ್ತೆ ಹೇಳುತ್ತೇನೆ.

ಮೀನು ಆಗಾಗ ಮೇಲೆ ಬಂದು ಬಾಯಿ ತೆರೆಯುತ್ತೆ. ಆಮ್ಲಜನಕ ಸಾಲುತ್ತಿಲ್ವಾ?

ಗಾಬರಿ ಬೇಡ, ಅದು ಉಸಿರಾಟ. ಗಾರ್‌ನ ಹೊಟ್ಟೆಯೊಳಗಿನ ಗಾಳಿಚೀಲ ಶ್ವಾಸಕೋಶದ ಕೆಲಸ ಮಾಡುತ್ತದೆ. ಕಿವಿರೂ ಇದೆ, ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹತ್ತಿರ ಕೂತು ನೋಡಿ, ಎಷ್ಟು ಚೆನ್ನಾಗಿರುತ್ತದೆ. ನಿಂತಲ್ಲೇ ನಿಂತ ಮೀನು ನಿಧಾನವಾಗಿ ಮೂತಿ ಮೇಲಕ್ಕೆ ಎತ್ತುತ್ತದೆ, ನೀರಿನ ಮೇಲೆ ಬಾಯಿ ಒಂದು ಕ್ಷಣ ತೆರೆದು 'ಚಪ್' ಅಂತ ಮುಚ್ಚುತ್ತದೆ, ಕೆಳಗೆ ಇಳಿಯುವಾಗ ಕಿವಿರಿನ ಅಂಚಿನಿಂದ ನಾಲ್ಕೈದು ಗುಳ್ಳೆ ಹೊರಗೆ ಬರುತ್ತವೆ. ನೀರು ಬಿಸಿಯಾದಷ್ಟೂ ಇದು ಜಾಸ್ತಿ. ಆದರೆ ದಿನವೂ ನೋಡುವ ನಿಮಗೆ ದಿಢೀರನೆ ಹೆಚ್ಚಾಗಿದೆ ಅನ್ನಿಸಿದರೆ ನೀರು ಪರೀಕ್ಷೆ ಮಾಡಿ.

ಇದರಿಂದ ಎರಡು ಕೆಲಸ ಹುಟ್ಟುತ್ತವೆ. ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಅರ್ಧ ಅಡಿಯಷ್ಟು ಗಾಳಿ ಇರಲೇಬೇಕು, ಕಂಠಮಟ್ಟ ನೀರು ತುಂಬಿಸಿ ಗಾಜು ಮುಚ್ಚಿದರೆ ಉಸಿರು ಕಟ್ಟುತ್ತದೆ. ಎರಡನೆಯದು, ಮುಚ್ಚಳ ಇರಲೇಬೇಕು, ಅದರ ಮೇಲೆ ಭಾರವೂ ಇರಬೇಕು. ಬೆದರಿದ ಗಾರ್ ಬಾಣದ ಹಾಗೆ ಮೇಲೆ ಹಾರುತ್ತದೆ, ತೆಳು ಪ್ಲಾಸ್ಟಿಕ್ ಹಾಳೆಯನ್ನು ತಳ್ಳಿಕೊಂಡು ಹೊರಗೆ ಬೀಳುತ್ತದೆ. ರಾತ್ರಿ ಕತ್ತಲೆಯಲ್ಲಿ ಇದ್ದಕ್ಕಿದ್ದಂತೆ ತೊಟ್ಟಿಯ ಲೈಟ್ ಹಾಕಬೇಡಿ. ಮೊದಲು ಕೋಣೆಯ ಲೈಟ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯದು. ಮಕ್ಕಳು ಗಾಜು ತಟ್ಟದ ಹಾಗೆ ನೋಡಿಕೊಳ್ಳಿ.

ಬೋರ್ ನೀರು ಆಗುತ್ತಾ? ನಮ್ಮದು ಗಡಸು ನೀರು, ಕುಕ್ಕರ್ ತಳದಲ್ಲಿ ಬಿಳಿ ಕಟ್ಟುತ್ತೆ.

ಆಗುತ್ತದೆ. ಗಡಸು ನೀರು ಗಾರ್‌ಗೆ ತೊಂದರೆ ಅಲ್ಲ, ಪಿಎಚ್ 7ರಿಂದ 8ರ ಆಚೀಚೆ ಆರಾಮಾಗಿರುತ್ತದೆ. ಆರ್‌ಒ ನೀರಿಗೆ ದುಡ್ಡು ಸುರಿಯಬೇಡಿ. ಆಳದ ಬೋರ್‌ನಿಂದ ನೇರವಾಗಿ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಡ್ರಮ್‌ನಲ್ಲಿ ಹಿಡಿದು ಒಂದು ದಿನ ಗಾಳಿ ಪಂಪ್ ಓಡಿಸಿ ಬಳಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಬೇಕು, ಸೋಡಿಯಂ ಥಯೋಸಲ್ಫೇಟ್ ಹರಳು ಅಗ್ಗವಾಗಿ ಸಿಗುತ್ತದೆ. ಟ್ಯಾಂಕರ್ ನೀರು ಇವತ್ತು ಒಂದು ಬೋರ್‌ದು, ನಾಳೆ ಇನ್ನೊಂದರದ್ದು. ಪ್ರತಿ ಸಲ ಪರೀಕ್ಷೆ ಮಾಡಿಯೇ ಹಾಕಿ.

ಗಡಸು ನೀರಿನವರು ಒಂದು ವಿಷಯ ತಿಳಿದಿರಬೇಕು. ಮೀನಿನ ಹೊಲಸು, ಉಳಿದ ಊಟದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಪಿಎಚ್ ಏರಿದಷ್ಟೂ ಅದರ ವಿಷ ಜಾಸ್ತಿ. ನಮ್ಮ ಬೋರ್ ನೀರಿನಲ್ಲಿ ಸ್ವಲ್ಪ ಅಮೋನಿಯಾ ಕೂಡ ಬೇಗ ಏಟು ಕೊಡುತ್ತದೆ. ಅದಕ್ಕೇ ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಮೀನು ತರುವ 4ರಿಂದ 6 ವಾರ ಮುಂಚೆಯೇ ಫಿಲ್ಟರ್ ಓಡಿಸಿ, ಗೆಳೆಯರ ಓಡುತ್ತಿರುವ ತೊಟ್ಟಿಯ ಹಳೆಯ ಸ್ಪಾಂಜ್ ಒಂದು ತುಂಡು ತಂದು ಸೇರಿಸಿ. ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ (ಅದೂ ವಿಷವೇ), ಆಮೇಲೆ ಅದನ್ನೂ ಕರಗಿಸುವುದು ಫಿಲ್ಟರ್‌ನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ. ಬರೀ ನೀರು ತಿರುಗಿದರೆ ಅದು ಬೆಳೆಯುವುದಿಲ್ಲ, ಅದಕ್ಕೆ ತಿನ್ನಲು ಅಮೋನಿಯಾ ಸಿಗಬೇಕು, ಒಂದೆರಡು ಚಿಟಿಕೆ ಮೀನಿನ ಆಹಾರ ಕೊಳೆಯಲು ಬಿಟ್ಟರೂ ನಡೆಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೀನು. ಆಮೇಲೆ ವಾರಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ.

ರೇಷ್ಮೆ ಸಾಕುವ ಮನೆಯವರಿಗೆ ಒಂದು ಮಾತು. ಹುಳುವಿನ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಕಲಸುವ ಬಕೆಟ್ ಮೀನಿನ ತೊಟ್ಟಿಯ ಹತ್ತಿರವೂ ಬರಬಾರದು. ಮೀನಿಗೆ ಬೇರೆ ಬಕೆಟ್, ಬೇರೆ ಪೈಪ್ ಇಡಿ. ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಯೊಳಗೆ ಹಾಕಬೇಡಿ.

ಕರೆಂಟ್ ಗಂಟೆಗಟ್ಟಲೆ ಹೋಗುತ್ತೆ. ಮೀನು ಸಾಯುತ್ತಾ?

ಗಾಳಿ ಉಸಿರಾಡುವುದರಿಂದ ಗಾರ್ ತಕ್ಷಣ ಸಾಯುವುದಿಲ್ಲ. ಸಾಯುವುದು ಫಿಲ್ಟರ್ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ. ತುಂಬಾ ಹೊತ್ತು ಕರೆಂಟ್ ಹೋದ ದಿನ ಊಟ ಹಾಕಬೇಡಿ, ಮಾರನೆಯ ದಿನ ಅಮೋನಿಯಾ ನೋಡಿ. ಯುಪಿಎಸ್ ಇದ್ದರೆ ಒಂದು ಗಾಳಿ ಪಂಪ್ ಅದಕ್ಕೆ ಸೇರಿಸಿ, ಅದು ಬಹಳ ಕಡಿಮೆ ಕರೆಂಟ್ ತಿನ್ನುತ್ತದೆ.

ನಂದಿ ಬೆಟ್ಟದ ಕಡೆ ಚಳಿ ಜಾಸ್ತಿ. ಹೀಟರ್ ಬೇಕಾ?

ಸ್ಪಾಟೆಡ್, ಫ್ಲೋರಿಡಾಗೆ ಮನೆಯೊಳಗಾದರೆ ಸಾಮಾನ್ಯವಾಗಿ ಬೇಡ. ಚಳಿಗೆ ಊಟ ಕಡಿಮೆ ಮಾಡುತ್ತವೆ, ನೀವೂ ಕಡಿಮೆ ಹಾಕಿ. ಟ್ರಾಪಿಕಲ್ ಗಾರ್ ಆದರೆ ಬೇಕು.

ಸರಿ, ಈಗ ಹೇಳಿ. ಏನು ತಿನ್ನಿಸಬೇಕು?

ಮರಿ ಬರುವಾಗ ಜೀವಂತ ಮೀನು ತಿಂದೇ ಅಭ್ಯಾಸವಾಗಿರುತ್ತದೆ. ನಿಮ್ಮ ಕೆಲಸ ಅದನ್ನು ಸತ್ತ ಆಹಾರಕ್ಕೆ ತರುವುದು. ಅಂಗಡಿಯಿಂದ ತರುವ ಅಗ್ಗದ ಸಣ್ಣ ಮೀನಿನ ಜೊತೆ ಬಿಳಿ ಚುಕ್ಕೆ ರೋಗ, ಪರೋಪಜೀವಿ ಎಲ್ಲ ಬರುತ್ತವೆ. ಇನ್ನೊಂದು ಕಾರಣವೂ ಇದೆ. ಗೋಲ್ಡ್‌ಫಿಶ್ ಮತ್ತು ಗೆಂಡೆ ಜಾತಿಯ ಹಲವು ಮೀನುಗಳಲ್ಲಿ ಥಯಾಮಿನೇಸ್ ಎನ್ನುವ ಅಂಶ ಇರುತ್ತದೆ, ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿಸಿದರೂ ಅದು ಹೋಗುವುದಿಲ್ಲ. ತಿಂಗಳುಗಟ್ಟಲೆ ಬರೀ ಅದನ್ನೇ ಕೊಟ್ಟರೆ ಮೀನು ಸೊರಗುತ್ತದೆ.

ಭಾನುವಾರ ಮನೆಗೆ ಮೀನು ತರುತ್ತೀರಲ್ಲ, ಅದರಲ್ಲೇ ಆಗುತ್ತದೆ. ಜಿಲೇಬಿ ಮೀನಿನ ಮಾಂಸ ಬೆರಳಗಲ ಉದ್ದುದ್ದ ಸೀಳಿ, ಮುಳ್ಳು ತೆಗೆದು, ಉಪ್ಪು ಖಾರ ಏನೂ ಹಚ್ಚದೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಸಿಗಡಿ ಮಧ್ಯೆ ಮಧ್ಯೆ ಕೊಡಿ. ಮಾಂಸಾಹಾರಿ ಮೀನಿನ ಪೆಲೆಟ್ ತಿನ್ನುವುದು ಕಲಿಸಿದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ವಿಟಮಿನ್ ಚಿಂತೆಯೇ ತಪ್ಪುತ್ತದೆ. ಕೋಳಿ, ಕುರಿ, ಲಿವರ್ ಬೇಡ, ಆ ಕೊಬ್ಬು ಮೀನಿನ ಮೈಗೆ ಒಗ್ಗುವುದಿಲ್ಲ.

ತುಂಡನ್ನು ಇಕ್ಕಳದಲ್ಲಿ ಹಿಡಿದು ಮೂತಿಯ ಪಕ್ಕಕ್ಕೆ ತನ್ನಿ, ಎದುರಿಗಲ್ಲ. ಗಾರ್ ಎದುರಿನಿಂದ ಹಿಡಿಯುವುದಿಲ್ಲ. ಬಾಲ ಅಲುಗಿಸದೆ ಪಕ್ಕದ ರೆಕ್ಕೆಯಲ್ಲಿ ಮಾತ್ರ ಜಾರಿಕೊಂಡು ಹತ್ತಿರ ಬರುತ್ತದೆ, ಸ್ವಲ್ಪ ಹೊತ್ತು ಏನೂ ಆಗದ ಹಾಗೆ ನಿಲ್ಲುತ್ತದೆ, ಆಮೇಲೆ ತಲೆಯನ್ನು ಫಟ್ ಅಂತ ಪಕ್ಕಕ್ಕೆ ಹೊಡೆಯುತ್ತದೆ. ಬೆರಳಿನಲ್ಲಿ ಕೊಡುವ ಶೋಕಿ ಬೇಡ, ಹಲ್ಲು ಸೂಜಿ.

ಅಂಗೈ ಉದ್ದದ ಮರಿಗೆ ದಿನಾ ಸ್ವಲ್ಪ ಸ್ವಲ್ಪ. ಒಂದು ಅಡಿ ದಾಟಿದ ಮೇಲೆ ದಿನ ಬಿಟ್ಟು ದಿನ. ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ತುಂಡನ್ನು ತಕ್ಷಣ ತೆಗೆಯಿರಿ.

ಹೊಸ ಮರಿ ಏನೂ ತಿನ್ನುತ್ತಿಲ್ಲ.

ಜಾಗ ಬದಲಾದಾಗ ಕೆಲವು ದಿನ ಹಾಗೇ. ಮೇಲೆ ತೇಲುವ ಗಿಡ ಹಾಕಿ, ಬೆಳಕು ಕಡಿಮೆ ಮಾಡಿ, ಸುಮ್ನೆ ಬಿಡಿ. ನೀರಿನ ಪರೀಕ್ಷೆ ಮಾಡದೆ ಔಷಧಿ ಸುರಿಯಬೇಡಿ. ತುಂಬಾ ಚಿಕ್ಕ ಮರಿ ಮಾತ್ರ ಜಾಸ್ತಿ ದಿನ ಉಪವಾಸ ತಡೆಯುವುದಿಲ್ಲ, ಅದಕ್ಕೆ ಗಪ್ಪಿಯಂಥ ಸಣ್ಣ ಮೀನನ್ನು ನಿಮ್ಮಲ್ಲೇ ಬೆಳೆಸಿ ಕೊಡಿ.

ಜೊತೆಗೆ ಬೇರೆ ಮೀನು ಬಿಡಬಹುದಾ?

ಬಾಯಿಗೆ ಹಿಡಿಸುವುದು ಊಟ, ಹಿಡಿಸದ್ದು ಜೊತೆಗಾರ. ಗಾರ್ ನೋಡೋಕೆ ಉಗ್ರ, ಸ್ವಭಾವದಲ್ಲಿ ಬಹಳ ಸಾಧು. ಸಿಕ್ಲಿಡ್ ಜಾತಿಯ ಜಗಳಗಂಟ ಮೀನುಗಳು ಅದರ ರೆಕ್ಕೆ ಹರಿದು ಹಾಕುತ್ತವೆ, ಗಾರ್ ತಿರುಗಿ ಕಚ್ಚುವುದೂ ಇಲ್ಲ. ಬಿಚಿರ್ ಎನ್ನುವ ಆಫ್ರಿಕಾದ ಉದ್ದ ಮೈಯ ಮೀನು ದೊಡ್ಡದಿದ್ದರೆ ಅದರ ಜೊತೆ ಚೆನ್ನಾಗಿ ಹೊಂದುತ್ತದೆ.

ತೊಟ್ಟಿ ಬದಲಿಸುವಾಗ ಹೇಗೆ ಹಿಡಿಯುವುದು?

ಬಲೆ ಬೇಡ, ಹಲ್ಲು ಸಿಕ್ಕಿಕೊಂಡು ಮೂತಿ ಮುರಿಯುತ್ತದೆ. ಉದ್ದದ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ಅದರೊಳಗೆ ಓಡಿಸಿ, ನೀರಿನ ಸಮೇತ ಇಬ್ಬರು ಎತ್ತಿ. ಮೇಲೊಂದು ಒದ್ದೆ ಟವಲ್ ಮುಚ್ಚಿ. ದೂರ ಸಾಗಿಸುವಾಗಲೂ ನೀರಿನ ಮೇಲೆ ಗಾಳಿಗೆ ಜಾಗ ಇರಲಿ.

ಮೊಟ್ಟೆ ಇಟ್ಟರೆ?

ಮನೆಯ ತೊಟ್ಟಿಯಲ್ಲಿ ಇಡುವುದು ಅಪರೂಪ. ಆದರೆ ಗಾರ್ ಮೊಟ್ಟೆ ವಿಷ. ಮನುಷ್ಯರಿಗೂ, ನಾಯಿ, ಬೆಕ್ಕು, ಕೋಳಿಗೂ. ಸತ್ತ ಮೀನಿನ ಹೊಟ್ಟೆಯಲ್ಲೂ ಮೊಟ್ಟೆ ಇರಬಹುದು, ಹಾಗಾಗಿ ಅದನ್ನು ತಿಪ್ಪೆಗೆ ಎಸೆಯಬೇಡಿ, ಆಳವಾಗಿ ಹೂಳಿ.

ಸಾಕೋಕೆ ಆಗ್ತಿಲ್ಲ. ಕೆರೆಗೆ ಬಿಟ್ಟುಬಿಡಲಾ? ಪಾಪ, ಅಲ್ಲಾದರೂ ಬದುಕಲಿ.

ದಯವಿಟ್ಟು ಬೇಡ. ಕೈ ಮುಗಿದು ಕೇಳುತ್ತೇನೆ.

ನಮ್ಮ ಕೆರೆಗಳು ಒಂದಕ್ಕೊಂದು ಸರಪಳಿ. ಮೇಲಿನ ಕೆರೆ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಮುಂಚೆ ನಮ್ಮ ಕಡೆ ಕೆರೆಗಳು ವರ್ಷಗಟ್ಟಲೆ ಒಣಗಿ ಬಿರುಕು ಬಿಡುತ್ತಿದ್ದವು, ಬಿಟ್ಟ ಮೀನು ಉಳಿಯುತ್ತಿರಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆಗೆ ಅದೇ ಥರದ ಎಚ್.ಎನ್. ವ್ಯಾಲಿ ನೀರು ಬಂತು. ಈಗ ಹಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. 2021ರ ನವೆಂಬರ್ ಮಳೆಗೆ ಸಾಲು ಸಾಲು ಕೆರೆ ಕೋಡಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ನೀರಿನಲ್ಲಿ ಗಾಳಿ ಉಸಿರಾಡಿಕೊಂಡು, ಕೊಳಕು ನೀರನ್ನೂ ತಡೆದುಕೊಂಡು ಬದುಕುವ ಬೇಟೆ ಮೀನೊಂದು ಸೇರಿದರೆ ತೆಗೆಯುವವರು ಯಾರು? ಕೆರೆ ಗುತ್ತಿಗೆ ಹಿಡಿದು ಸಾಲ ಮಾಡಿ ಕಾಟ್ಲಾ, ರೋಹು ಮರಿ ಬಿಡುವ ಮೀನುಗಾರರ ಹೊಟ್ಟೆಯ ಮೇಲೆ ಹೊಡೆದ ಹಾಗಲ್ವಾ?

ಇದು ಸುಮ್ನೆ ಹೆದರಿಸುವ ಮಾತಲ್ಲ. ಕೇರಳದಲ್ಲಿ 2018ರ ಪ್ರವಾಹದಲ್ಲಿ ಸಾಕಿದ ಜಾಗಗಳಿಂದ ತಪ್ಪಿಸಿಕೊಂಡ ಅಲಿಗೇಟರ್ ಗಾರ್‌ಗಳು ನದಿಯಲ್ಲಿ ಬಲೆಗೆ ಬಿದ್ದವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಒಂದು ಸಿಕ್ಕಿತು. ಜಪಾನ್ 2018ರ ಏಪ್ರಿಲ್‌ನಿಂದ ಇಡೀ ಗಾರ್ ಕುಟುಂಬವನ್ನೇ ಹಾನಿಕರ ಹೊರಗಿನ ಜೀವಿ ಅಂತ ಘೋಷಿಸಿ, ಹೊಸದಾಗಿ ಸಾಕುವುದನ್ನು ನಿರ್ಬಂಧಿಸಿದೆ.

ಹಾಗಾದರೆ ಏನು ಮಾಡುವುದು? ಮೊದಲು ಕೊಂಡ ಅಂಗಡಿಗೆ ವಾಪಸ್ ಕೇಳಿ. ದೊಡ್ಡ ತೊಟ್ಟಿ ಇರುವ ಹವ್ಯಾಸಿಗಳನ್ನು ಹುಡುಕಿ, ದುಡ್ಡು ಕೇಳದೆ ಕೊಟ್ಟುಬಿಡಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಯಾವ ದಾರಿಯೂ ಇಲ್ಲದಿದ್ದರೆ ಪಶುವೈದ್ಯರ ಮೂಲಕ ನೋವಿಲ್ಲದೆ ಜೀವ ತೆಗೆಸುವುದು ಕೆರೆಗೆ ಬಿಡುವುದಕ್ಕಿಂತ ಸರಿ. ಕೇಳೋಕೆ ಕಠಿಣ ಅನ್ನಿಸುತ್ತದೆ, ಗೊತ್ತು. ಆದರೂ ಅದೇ ಸರಿ.

ಸಾಕೋಕೆ ಅನುಮತಿ ಬೇಕಾ?

ನಿಯಮಗಳು ಬದಲಾಗುತ್ತಿರುತ್ತವೆ. ಅಂಗಡಿಯವರ ಮಾತು ನಂಬಬೇಡಿ, ಕೊಳ್ಳುವ ಮುಂಚೆಯೇ ಅದೇ ಇಲಾಖೆಯ ಕಚೇರಿಯಲ್ಲಿ ಜಾತಿಯ ಹೆಸರು ಹೇಳಿ ಕೇಳಿ.

ಒಂದು ವಾರ ಊರಿಗೆ ಹೋಗಬೇಕು. ಪಕ್ಕದ ಮನೆಯವರಿಗೆ ಊಟ ಹಾಕೋಕೆ ಹೇಳಲಾ?

ಒಂದು ಅಡಿ ದಾಟಿದ ಆರೋಗ್ಯವಾದ ಗಾರ್ ಒಂದು ವಾರ ತಿನ್ನದೆ ಆರಾಮಾಗಿರುತ್ತದೆ. ಊಟ ಹಾಕಬೇಡಿ ಅಂತಲೇ ಹೇಳಿ, ಪ್ರೀತಿಯಿಂದ ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಫಿಲ್ಟರ್ ನೋಡಿ, ಮುಚ್ಚಳದ ಮೇಲೆ ಭಾರ ಇಡಿ. ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಪಂಪ್ ಓಡುತ್ತಿದೆಯಾ, ಮುಚ್ಚಳ ಸರಿಯಾಗಿದೆಯಾ ಅಂತ ನೋಡಿದರೆ ಸಾಕು. ಪಂಪ್ ನಿಂತಿದ್ದರೆ ಯಾವ ಸ್ವಿಚ್ ಹಾಕಬೇಕು ಅಂತ ಮೊದಲೇ ತೋರಿಸಿ ಹೋಗಿ.